ಮೆಂತ್ಯ ತಿನ್ನಿ, ಮಾತ್ರೆ ಬಿಡಬೇಡಿ

ಸಕ್ಕರೆ ಕಾಯಿಲೆ ಇರುವವರೇ, ಅವರ ಮನೆಯವರೇ,

ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ಬರಿಹೊಟ್ಟೆಗೆ ಆ ನೀರು ಕುಡಿದರೆ ಸಾಕು, ಶುಗರ್ ಇಳಿಯುತ್ತೆ, ಮಾತ್ರೆಯೇ ಬೇಡ! ವಾಟ್ಸಾಪಿನಲ್ಲಿ, ಪಾರ್ಕಿನ ಬೆಂಚಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ ಈ ಮಾತು ಕೇಳದವರಿಲ್ಲ. ಮೆಂತ್ಯದ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಮಾತ್ರೆ ಬೇಡ ಎನ್ನುವುದು ಮಾತ್ರ ಜೀವಕ್ಕೆ ಎರವಾಗುವ ಸಲಹೆ.

ನೆನೆದ ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿ, ಲೋಳೆ ಅಂಟುತ್ತದೆ. ಮೆಂತ್ಯಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನಾರು. ಈ ಲೋಳೆಯೂ ನಾರೇ. ಅನ್ನ, ಮುದ್ದೆಯ ಜೊತೆ ಹೊಟ್ಟೆ ಸೇರಿ, ಸಕ್ಕರೆ ರಕ್ತಕ್ಕೆ ಹೋಗುವುದನ್ನು ಅದು ನಿಧಾನ ಮಾಡುತ್ತದೆ. ಹಾಗಿರುವಾಗ ನೀರು ಸೋಸಿ ಕುಡಿದು ಕಾಳು ಚೆಲ್ಲುವವರು ಕೆಲಸಕ್ಕೆ ಬರುವುದನ್ನೇ ಚೆಲ್ಲುತ್ತಿದ್ದಾರೆ.

ಇನ್ನು ಪ್ರಮಾಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 1 ರೋಗಿಗಳ ಶುಗರ್ ಇಳಿದದ್ದು ನಿಜ. ಆದರೆ ಅವರಿಗೆ ಕೊಟ್ಟದ್ದು ಎಣ್ಣೆ ತೆಗೆದ ಮೆಂತ್ಯಪುಡಿ, ದಿನಕ್ಕೆ 100 ಗ್ರಾಂ, ಹತ್ತು ದಿನ. ನಮ್ಮ ಚಮಚದಲ್ಲಿ ಹಿಡಿಯುವುದು ನಾಲ್ಕೈದು ಗ್ರಾಂ. ಇಪ್ಪತ್ತು ಚಮಚದ ಕಹಿ ನೆನೆದರೇ ಗಂಟಲು ಹಿಡಿಯುತ್ತದೆ!

“ಮಾತ್ರೆ ಬರೀ ಕೆಮಿಕಲ್” ಎನ್ನುವವರಿಗೊಂದು ಮಾತು. ನೀವು ನುಂಗುವ ಮೆಟ್‌ಫಾರ್ಮಿನ್‌ಗೆ ದಾರಿ ತೋರಿದ್ದೂ ಗಿಡವೇ: ಯುರೋಪಿನ ಗಲೇಗ, ಮೆಂತ್ಯದ ಹಾಗೆ ದ್ವಿದಳ ಕುಟುಂಬದ್ದು. ಆ ಗಿಡದ ಸತ್ವ ವಿಷಕಾರಿ. ಅದನ್ನು ಹೋಲುವ, ದೇಹಕ್ಕೆ ಒಗ್ಗುವ ವಸ್ತುವಾದ ಮೆಟ್‌ಫಾರ್ಮಿನ್ ಅನ್ನು ಮಧುಮೇಹಿಗಳಿಗೆ ಕೊಟ್ಟು ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ 1957ರಲ್ಲಿ ಫಲಿತಾಂಶ ಪ್ರಕಟಿಸಿದರು.

“ಮಾತ್ರೆ ಬಿಟ್ಟೆ, ಏನೂ ಆಗಿಲ್ಲ” ಎಂದು ಧೈರ್ಯ ಹೇಳುವವರನ್ನು ನಂಬಬೇಡಿ. ಏರಿದ ಶುಗರ್ ನೋವು ಕೊಡದೆಯೇ ಕಣ್ಣು, ಕಿಡ್ನಿ, ಕಾಲಿನ ನರಗಳನ್ನು ಹಾಳುಮಾಡುತ್ತದೆ. ಇಂದು ಬೆಳಗಿನ ಒಂದು ರೀಡಿಂಗ್ ನೋಡಿ ಹಿಗ್ಗಬೇಡಿ. ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.

ಮೆಂತ್ಯ ಬೇಕಾದರೆ ಧಾರಾಳವಾಗಿ ಅಡುಗೆಯಲ್ಲಿ ಬಳಸಿ. ದೋಸೆ ಹಿಟ್ಟಿಗೆ ರುಬ್ಬಿ, ತಂಬುಳಿ ಮಾಡಿ, ನೆನೆದ ಕಾಳನ್ನು ಅಗಿದು ತಿನ್ನಿ. ಆದರೆ ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪುಡಿಯನ್ನು ಔಷಧಿಯಂತೆ ಹೆಚ್ಚಾಗಿ ತಿಂದರೆ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಬಸುರಿಯರಂತೂ ಡಾಕ್ಟರನ್ನು ಕೇಳದೆ ಪುಡಿ ತಿನ್ನಬಾರದು. ದಿನಕ್ಕೆಷ್ಟು ತಿನ್ನುತ್ತೀರೆಂದು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮಾತ್ರೆ ಕಡಿಮೆ ಮಾಡಬೇಕಾದರೆ ರಿಪೋರ್ಟ್ ನೋಡಿ ಅವರೇ ಮಾಡುತ್ತಾರೆ.