ಎಲೀಯನು ಮರಳಿ ಹುಟ್ಟಿದನೇ?

ಕಾಫಿಗಿಡಗಳಲ್ಲಿ ಅರೇಬಿಕಾ ಹಣ್ಣು ಕೆಂಪೇರುವ ನವೆಂಬರ್ ತಿಂಗಳ 2ನೆಯ ತಾರೀಖು ಕ್ಯಾಥೊಲಿಕರಿಗೆ ಸಕಲ ಮೃತರ ಸ್ಮರಣೆಯ ದಿನ. 1963ರಲ್ಲಿ ಮೈಸೂರಿನಿಂದ ಬೇರೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಮೂಡಿಗೆರೆ, ಕಳಸದ ಕಡೆಯ ಕುಟುಂಬಗಳೂ ತಮ್ಮವರ ಸಮಾಧಿಗಳ ಮೇಲೆ ಹೂವಿರಿಸಿ ಮೇಣದ ಬತ್ತಿ ಹಚ್ಚುತ್ತವೆ. ಮಗುವನ್ನು ಮಣ್ಣು ಮಾಡಿದ ತಾಯಿಗೆ, ‘ಅಳಬೇಡವ್ವ, ನಿನ್ನ ಹೊಟ್ಟೆಯಲ್ಲೇ ಮತ್ತೆ ಹುಟ್ಟಿ ಬರುತ್ತದೆ’ ಎಂದು ನೆರೆಮನೆಯ ಹಿರಿಯಾಕೆ ಸಂತೈಸುವುದು ಈ ನಾಡಿನ ವಾಡಿಕೆ. ಆ ತಾಯಿ ಕ್ರೈಸ್ತಳಾದರೆ ಈ ಮಾತನ್ನು ಒಪ್ಪಬಹುದೇ? ಇದು ಬರಿಯ ಪಂಡಿತರ ಪ್ರಶ್ನೆಯಲ್ಲ.

ಒಪ್ಪಬಹುದೆನ್ನುವವರು ಎಲೀಯನ ಕಥೆಯನ್ನು ಮುಂದಿಡುತ್ತಾರೆ. ಈ ಪ್ರವಾದಿಯು ಸುಂಟರಗಾಳಿಯಲ್ಲಿ ಪರಲೋಕಕ್ಕೆ ಏರಿಹೋದನು. ಕರ್ತನ ಮಹಾದಿನಕ್ಕೆ ಮುನ್ನ ಅವನು ಮತ್ತೆ ಬರುವನೆಂದು ಮಲಾಕಿಯನ ಗ್ರಂಥ ಸಾರುತ್ತದೆ. ಸ್ನಾನಿಕನಾದ ಯೋಹಾನನೇ ಆ ಎಲೀಯನೆಂದು ಯೇಸು ನುಡಿದುದು ಮತ್ತಾಯನ 11ನೆಯ ಅಧ್ಯಾಯದಲ್ಲಿದೆ. ಪುನರ್ಜನ್ಮದ ಮಾತು ಕೇಳಿ ಬೆಳೆದ ಕಿವಿಗೆ ಬೇರೆ ಸಾಕ್ಷಿ ಬೇಕೆ?

ಆದರೆ ಯೋಹಾನನನ್ನೇ ಕೇಳಿದಾಗ ಅವನು ತಾನು ಎಲೀಯನಲ್ಲವೆಂದನು! ಈ ತೊಡಕನ್ನು ಬಿಡಿಸುವವನು ಲೂಕ. ಹುಟ್ಟಲಿರುವ ಮಗು ಎಲೀಯನ ಆತ್ಮದಿಂದಲೂ ಬಲದಿಂದಲೂ ಕೂಡಿ ನಡೆಯುವುದೆಂದು ದೇವದೂತನು ತಂದೆಗೆ ತಿಳಿಸಿದನಂತೆ. ‘ಎಲೀಯನ ಆತ್ಮ’ ಎಂದೊಡನೆ ಮರುಹುಟ್ಟೆಂದು ಭಾವಿಸಬೇಕಾಗಿಲ್ಲ. ಗುರು ಏರಿಹೋದ ದಿನವೇ ಅವನ ಆತ್ಮವು ಎಲೀಷನ ಮೇಲೆ ನೆಲೆಗೊಂಡಿತೆಂದು ಜನ ಹೇಳಿದರು. ಎಲೀಷನಾದರೋ ಆಗಲೇ ಬೆಳೆದು ನಿಂತ ಶಿಷ್ಯ. ಮೇಲಾಗಿ, ಸಾಯದೆ ಹೋದವನು ಮತ್ತೆ ಹುಟ್ಟುವುದೆಂತು? ಯೋಹಾನನ ಶಿರಚ್ಛೇದವಾದ ಮೇಲೂ ಬೆಟ್ಟದ ತುದಿಯಲ್ಲಿ ಮೋಶೆಯೊಡನೆ ಕಾಣಿಸಿಕೊಂಡವನು ಎಲೀಯನೇ ಹೊರತು ಯೋಹಾನನಲ್ಲ. ಮನುಷ್ಯನಿಗೆ ಸಾವು ಒಂದೇ ಸಲ, ಬಳಿಕ ನ್ಯಾಯತೀರ್ಪು ಎಂದು ಇಬ್ರಿಯರಿಗೆ ಬರೆದ ಪತ್ರವೂ ಹೇಳುತ್ತದೆ.

ಮರಳಿ ಬರುವವನ ನಿರೀಕ್ಷೆ ಈ ಬೆಟ್ಟಗಳಿಗೇನೂ ಹೊಸದಲ್ಲ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಬಾಬಾಬುಡನ್‌ಗಿರಿಯ ಗುಹೆಯಲ್ಲಿ ಮರೆಯಾದ ದತ್ತಾತ್ರೇಯನು ಮತ್ತೆ ಕಾಣಿಸಿಕೊಂಡಾಗ ವಿಷ್ಣುವಿನ ಕಡೆಯ ಅವತಾರವಾಗುವುದೆಂಬ ನಂಬಿಕೆಯನ್ನು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅಲ್ಲಿಯೂ ಬರುವವನು ಹೊಸ ಗರ್ಭದಿಂದ ಬರುವುದಿಲ್ಲ, ಮರೆಯಿಂದ ಬರುತ್ತಾನೆ. ಯೆಹೂದ್ಯರು ಇಂದಿಗೂ ಪಸ್ಕದ ಊಟದಲ್ಲಿ ಎಲೀಯನಿಗೆಂದು ಒಂದು ಬಟ್ಟಲು ದ್ರಾಕ್ಷಾರಸ ತೆಗೆದಿರಿಸುವುದು ಇಂಥ ನಿರೀಕ್ಷೆಯಿಂದಲೇ.

ಹಾಗಾದರೆ ಆ ತಾಯಿಗೆ ಉಳಿದುದೇನು? ದಾವೀದ ಅರಸನ ಮಗು ಕಾಯಿಲೆ ಬಿದ್ದಾಗ ಅವನು ಏಳು ದಿನ ಉಪವಾಸ ನೆಲದ ಮೇಲೆ ಬಿದ್ದುಕೊಂಡಿದ್ದನು. ಮಗು ತೀರಿಕೊಂಡಿತೆಂದು ತಿಳಿದೊಡನೆ ಎದ್ದು, ಸ್ನಾನ ಮಾಡಿ, ದೇವಾಲಯಕ್ಕೆ ಹೋಗಿಬಂದು ಊಟಕ್ಕೆ ಕುಳಿತನು. ಸೇವಕರು ಬೆರಗಾದರು. ತಾನು ಅದರ ಬಳಿಗೆ ಹೋಗಬೇಕಾದೀತೇ ಹೊರತು ಅದು ತನ್ನ ಬಳಿಗೆ ಬಾರದೆಂಬುದು ಅವನ ಉತ್ತರದ ತಾತ್ಪರ್ಯ. ಬಳಿಕ ಬತ್ಷೆಬೆಯನ್ನು ಸಂತೈಸಿದನು. ಅವಳಿಗೆ ಇನ್ನೊಬ್ಬ ಮಗ ಹುಟ್ಟಿದನು. ಅವನು ಸೊಲೊಮೋನನಾದನು, ತೀರಿಕೊಂಡ ಮಗುವೇ ಅವನೆಂದು ಯಾರೂ ಹೇಳಲಿಲ್ಲ.