ಕ್ರಿಸ್ಮಸ್ಸಿಗೆ ಇಷ್ಟೆಲ್ಲ ಬೇಕೆ?

ಹಬ್ಬದ ಖರ್ಚಿನ ವಿರುದ್ಧ ಬರೆಯುವವನನ್ನು ಜನ ಜಿಪುಣನೆಂದು ತಿಳಿಯುತ್ತಾರೆ. ಕ್ರೈಸ್ತನಾಗಿ ಹುಟ್ಟಿ ಕ್ರಿಸ್ಮಸ್ಸಿನ ಸಡಗರವನ್ನೇ ಹಳಿದರಂತೂ ನಾಸ್ತಿಕನೆಂಬ ಬಿರುದೂ ಅದರ ಜೊತೆಗೆ ಸೇರುತ್ತದೆ. ಎರಡನ್ನೂ ಹೊರಲು ಸಿದ್ಧನಾಗಿಯೇ ಬರೆಯಲು ಕುಳಿತಿದ್ದೇನೆ. ಆದರೆ ನನ್ನ ಜಗಳ ಹಬ್ಬದೊಡನೆ ಅಲ್ಲ ಎಂಬುದನ್ನು ಓದುಗರು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನವೆಂಬರಿನಲ್ಲಿಯೇ ಹಬ್ಬವನ್ನು ಅಂಗಡಿಯಿಂದ ಎಳೆದು ತಂದು, ಡಿಸೆಂಬರ್ 26ರ ಬೆಳಗ್ಗೆ ಕಸದ ಬುಟ್ಟಿಗೆ ಗುಡಿಸಿ ಹಾಕುವ ನಮ್ಮ ರೀತಿಯೊಡನೆ ನನ್ನ ಜಗಳ.

ಮೂರು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ನಾವು ಮಂಗಳೂರಿನ ಕಡೆಯವರು. ಬೆಂಗಳೂರಿಗೆ ಬಂದು ನಲವತ್ತು ವರ್ಷಗಳಾದವು. ನಮ್ಮವರ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಎಳ್ಳು, ತೆಂಗಿನಕಾಯಿ, ಸಕ್ಕರೆ ತುಂಬಿದ ನೆವ್ರಿ, ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಸುತ್ತಿ ಕರಿಯುವ ಕಿಡ್ಯೊ, ತುಕ್ಡಿ, ಚಕ್ಕುಲಿ, ಗುಲಾಬಿ ಹೂವಿನ ಅಚ್ಚಿನ ತಿಂಡಿ, ಹೀಗೆ ಏಳೆಂಟು ಬಗೆ. (ಕಿಡ್ಯೊ ಎಂದರೆ ಹುಳುಗಳು. ಇಷ್ಟು ಒಳ್ಳೆಯ ತಿಂಡಿಗೆ ಇಂಥ ಹೆಸರನ್ನಿಟ್ಟ ಪುಣ್ಯಾತ್ಮರು ಯಾರೋ!) ಆ ಡಿಸೆಂಬರಿನಲ್ಲಿ ನನ್ನ ಮಗ, “ಅಮ್ಮನಿಗೆ ಮಂಡಿನೋವು. ಈ ಸಲ ಒಲೆಯ ಮುಂದೆ ನಿಲ್ಲುವುದು ಬೇಡ” ಎಂದು ಹೇಳಿ, ಕುಳಿತಲ್ಲಿಂದಲೇ ಫೋನಿನಲ್ಲಿ ಇಪ್ಪತ್ತು ಪೆಟ್ಟಿಗೆಗಳನ್ನು ತರಿಸಿದ. ಕೆಂಪು ರಿಬ್ಬನ್ನು, ಚಿನ್ನದ ಬಣ್ಣದ ಅಕ್ಷರಗಳು, ಒಳಗೆ ನಮ್ಮ ಹೆಸರಿನ ಚೀಟಿ. ತಂದ ಹುಡುಗನೇ ಅವುಗಳನ್ನು ಮನೆಮನೆಗೂ ಮುಟ್ಟಿಸಿದ. ಒಂದೇ ಮಧ್ಯಾಹ್ನದಲ್ಲಿ ನಮ್ಮ ಹಬ್ಬದ ಕರ್ತವ್ಯವೆಲ್ಲ ತೀರಿಹೋಯಿತು.

ಪಕ್ಕದ ಮನೆಯ ರಾಯರಿಗೂ ಒಂದು ಪೆಟ್ಟಿಗೆ ಹೋಯಿತು. ಅದರಲ್ಲಿ ಇದ್ದದ್ದು ಮೊಟ್ಟೆ ಹಾಕಿದ, ರಮ್ಮಿನಲ್ಲಿ ನೆನೆಸಿದ ಹಣ್ಣುಗಳ ಪ್ಲಮ್ ಕೇಕು. ರಾಯರ ಮನೆಯಲ್ಲಿ ಕೆಲವು ದಿನಗಳಂದು ಈರುಳ್ಳಿಗೂ ಪ್ರವೇಶವಿಲ್ಲ.

ಅವರು ಏನೂ ಅನ್ನಲಿಲ್ಲ. ಕೇಕು ಕಾವಲುಗಾರನ ಮಕ್ಕಳ ಪಾಲಾಯಿತೆಂದು ಆಮೇಲೆ ತಿಳಿಯಿತು. ಅದಕ್ಕೆ ನನಗೆ ಸಂತೋಷವೇ. ಆದರೆ ನನ್ನ ಹೆಂಡತಿಗೆ ಸುದ್ದಿ ತಿಳಿದ ರಾತ್ರಿ ಆಕೆ ಊಟ ಮಾಡಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಆಕೆ ಪಾಲಿಸಿಕೊಂಡು ಬಂದಿದ್ದ ಕ್ರಮವೊಂದಿತ್ತು. ಬಾಣಲೆಗೆ ಹೊಸ ಎಣ್ಣೆ ಹಾಕಿದೊಡನೆ ಮೊದಲು ರಾಯರ ಮನೆಯ ನೆವ್ರಿ, ಚಕ್ಕುಲಿ ಬೇಯಬೇಕು. ಅವನ್ನು ಬೇರೆ ಡಬ್ಬಿಯಲ್ಲಿ ತುಂಬಿಟ್ಟ ಮೇಲೆಯೇ ಮೊಟ್ಟೆ ಬೆರೆಸಿದ ಹಿಟ್ಟು ಎಣ್ಣೆಯ ಬಳಿಗೆ ಬರಬೇಕು. ಈ ಕ್ರಮವನ್ನು ರಾಯರ ಹೆಂಡತಿ ಒಂದು ದಿನವೂ ಕೇಳಿದವರಲ್ಲ, ನನ್ನ ಹೆಂಡತಿ ಹೇಳಿದವಳೂ ಅಲ್ಲ. ಆದರೂ ಇಬ್ಬರಿಗೂ ಗೊತ್ತಿತ್ತು. ಸಂಕ್ರಾಂತಿಯ ದಿನ ನಮ್ಮ ಅದೇ ತಟ್ಟೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನು ಹೊತ್ತು ಹಿಂದಿರುಗುತ್ತಿತ್ತು. ಇನ್ನೊಬ್ಬರ ಮನೆಯ ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸಬಾರದೆಂಬುದು ಈ ನಾಡಿನಲ್ಲಿ ಎಲ್ಲ ಮತದವರೂ ಬಲ್ಲ ಶಾಸ್ತ್ರ. ಪೆಟ್ಟಿಗೆಗೆ ಆ ಶಾಸ್ತ್ರವಿಲ್ಲ. ಅದನ್ನು ಹಿಂದಿರುಗಿಸುವವರು ಯಾರು? ಆ ವರ್ಷದ ಸಂಕ್ರಾಂತಿಗೆ ರಾಯರ ಮನೆಯಿಂದಲೂ ಅಂಗಡಿಯಲ್ಲಿ ಕೊಂಡ ಎಳ್ಳಿನ ಪೆಟ್ಟಿಗೆಯೊಂದು ಬಂತು. ತಪ್ಪು ಅವರದೆಂದು ನಾನು ಹೇಗೆ ಹೇಳಲಿ? ಮೊದಲ ಪೆಟ್ಟಿಗೆ ಹೋದದ್ದು ನಮ್ಮ ಮನೆಯಿಂದ.

ಇದೆಲ್ಲ ಹೊಸ ಕಾಲದ ಹಾವಳಿ, ನಮ್ಮ ಮಕ್ಕಳು ಕಲಿತ ಕೆಟ್ಟ ಚಾಳಿ ಎಂದು ನನ್ನ ವಯಸ್ಸಿನವರು ತಲೆದೂಗುವುದುಂಟು. ಅದೂ ನಿಜವಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರಸೊತ್ತಿರಲಿಲ್ಲ. ಆತ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಅಚ್ಚು ಹಾಕಿಸಿ, ಉಳಿದದ್ದನ್ನು ಒಂದೊಂದು ಷಿಲಿಂಗಿಗೆ ಮಾರಾಟಕ್ಕೆ ಇಟ್ಟ. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಅದು. ಆ ಚಿತ್ರದ ನಡುವೆ ಒಂದು ಕುಟುಂಬ ಲೋಟಗಳನ್ನು ಎತ್ತಿ ಹಿಡಿದು ಊಟಕ್ಕೆ ಕುಳಿತಿದೆ. ಎರಡು ಪಕ್ಕಗಳಲ್ಲಿ ಹಸಿದವರಿಗೆ ಅನ್ನ ಕೊಡುವ, ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುವ ದೃಶ್ಯಗಳಿವೆ. ಆಮೇಲೆ ನಡೆದದ್ದೇನು? ನಡುವಿನ ಊಟದ ಚಿತ್ರ ದೊಡ್ಡದಾಗುತ್ತ ಬಂತು. ಪಕ್ಕದ ಎರಡು ಚಿತ್ರಗಳು ಕತ್ತರಿಸಿ ಹೋದವು. ಕೆಲಸ ಹಗುರವಾಗಲೆಂದು ಒಬ್ಬ ಮಾಡಿಕೊಂಡ ಉಪಾಯವೇ ಊರಿಗೆಲ್ಲ ಹೊಸ ಕೆಲಸವಾಯಿತು. ಇಂದು ಕಾರ್ಡು ಹೋಗಿ ಫೋನು ಬಂದಿದೆ. ಕಳೆದ ವರ್ಷ ಹಬ್ಬದ ದಿನ ನನಗೆ ನೂರಾರು ಶುಭಾಶಯಗಳು ಬಂದವು. ಬಹುಪಾಲು ಅದೇ ಕುಣಿಯುವ ಮುದುಕ, ಅದೇ ಗಂಟೆ. ಕಳುಹಿಸಿದವರಲ್ಲಿ ಒಬ್ಬರಾದರೂ ನನ್ನ ಹೆಂಡತಿಯ ಮಂಡಿ ಹೇಗಿದೆಯೆಂದು ವಿಚಾರಿಸಿರಲಿಲ್ಲ.

ಹಬ್ಬವನ್ನೇ ಕಿತ್ತು ಹಾಕಿದರೆ ಎಲ್ಲ ಸರಿಹೋದೀತೆಂದು ನಂಬಿದವರೂ ಇದ್ದರು. ಅಮೆರಿಕದ ಮಸಾಚುಸೆಟ್ಸ್ ವಸಾಹತಿನ ಪ್ಯೂರಿಟನ್ ಜನ 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡವೆಂದು ಕಾನೂನು ಮಾಡಿದರು. ಅದು ರದ್ದಾದದ್ದು 1681ರಲ್ಲಿ. ನಾನು ಆ ಪಂಗಡದವನಲ್ಲ. ನೆವ್ರಿ ತಿನ್ನದೆ ಪರಲೋಕ ಸೇರುವ ಆಸೆ ನನಗಿಲ್ಲ.

ನಮ್ಮ ಧರ್ಮಸಭೆಯ ಪಂಚಾಂಗವನ್ನೇ ನೋಡೋಣ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಅದು ಕಾಯುವ ಕಾಲ. ಆಗ ಗುರುಗಳು ತೊಡುವುದು ನೇರಳೆ ಬಣ್ಣದ ಉಡುಪು. ಆ ಭಾನುವಾರಗಳ ಬಲಿಪೂಜೆಯಲ್ಲಿ ಮಹಿಮೆಯ ಗೀತೆಯನ್ನೂ ಹಾಡುವುದಿಲ್ಲ. ಹಬ್ಬ ಶುರುವಾಗುವುದು 24ರ ರಾತ್ರಿ. ಅಲ್ಲಿಂದ ಜನವರಿಯಲ್ಲಿ ಮೂವರು ಜ್ಞಾನಿಗಳ ಹಬ್ಬವನ್ನೂ ದಾಟಿ ಅದು ಸಾಗುತ್ತದೆ. ಅಂಗಡಿಗಳ ಪಂಚಾಂಗ ಇದಕ್ಕೆ ನೇರ ತಲೆಕೆಳಗು. ಕಾಯಬೇಕಾದ ನಾಲ್ಕು ವಾರ ಹತ್ತಿಯ ಹಿಮ, ಧ್ವನಿವರ್ಧಕದ ಹಾಡು, ರಿಯಾಯಿತಿ ಮಾರಾಟ. ಹಬ್ಬದ ದಿನ ಮುಗಿದ ಮರುದಿನವೇ ಮರವನ್ನು ಮಡಚಿ ಅಟ್ಟಕ್ಕೆ ಹಾಕುವುದು, ಹೊಸ ವರ್ಷದ ಬೋರ್ಡು ಏರಿಸುವುದು. ಅಂಗಡಿಯವರು ವ್ಯಾಪಾರ ಮಾಡಲೆಂದೇ ಕುಳಿತವರು; ಅವರನ್ನು ಬಯ್ದು ಫಲವಿಲ್ಲ. ಎರಡು ಪಂಚಾಂಗಗಳೂ ಗೊತ್ತಿದ್ದು ಅಂಗಡಿಯದನ್ನೇ ಗೋಡೆಗೆ ತೂಗುಹಾಕಿಕೊಂಡ ನಮ್ಮನ್ನು ಬಯ್ಯಬೇಕು.

ಬಯ್ಯುವುದಾದರೆ ನನ್ನಿಂದಲೇ ಆರಂಭವಾಗಲಿ. ಕೆಲವು ವರ್ಷಗಳ ಕೆಳಗೆ ಗೋದಲಿ ಸ್ಪರ್ಧೆಯೊಂದಕ್ಕೆ ನನ್ನನ್ನು ತೀರ್ಪುಗಾರನನ್ನಾಗಿ ಕರೆದಿದ್ದರು. ಗೋದಲಿಯ ಪದ್ಧತಿಗೆ ಪ್ರಚಾರ ತಂದವರು ಅಸ್ಸಿಸಿಯ ಸಂತ ಫ್ರಾನ್ಸಿಸರು. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅವರು ಒಂದು ದನದ ಮೇವಿನ ತೊಟ್ಟಿಗೆ ಹುಲ್ಲು ತುಂಬಿಸಿ, ಪಕ್ಕದಲ್ಲಿ ಒಂದು ಎತ್ತನ್ನೂ ಒಂದು ಕತ್ತೆಯನ್ನೂ ನಿಲ್ಲಿಸಿದರು. ಅದರ ಸಾಮಾನು ಅಷ್ಟೆ. ದೇವರು ಬಡವನಾಗಿ ಹುಟ್ಟಿದ್ದನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ನಾನು ತೀರ್ಪು ಕೊಡಲು ಹೋದ ಕಡೆ ಮೋಟಾರಿನಿಂದ ಹರಿಯುವ ಜಲಪಾತವಿತ್ತು, ಸುರಂಗದೊಳಗೆ ಓಡುವ ಆಟದ ರೈಲಿತ್ತು, ಬಣ್ಣ ಬದಲಿಸುವ ದೀಪಗಳ ಥರ್ಮೋಕೋಲಿನ ಬೆತ್ಲೆಹೇಮಿತ್ತು. ಕೊನೆಗೆ ಒಂದು ಸಣ್ಣ ಮನೆಗೆ ಹೋದೆವು. ಮಣ್ಣಿನ ನಾಲ್ಕು ಗೊಂಬೆ, ತೆಂಗಿನ ಗರಿಯ ಚಪ್ಪರ, ಸುತ್ತಲೂ ಕರಟಗಳಲ್ಲಿ ಬೆಳೆಸಿದ ರಾಗಿಯ ಹಸುರು ಪೈರು. ತೊಟ್ಟಿ ಖಾಲಿಯಾಗಿತ್ತು. “ಮಗು ಎಲ್ಲಿ?” ಎಂದು ನಮ್ಮಲ್ಲೊಬ್ಬರು ಕೇಳಿದರು. “ಇನ್ನೂ ಹುಟ್ಟಿಲ್ಲವಲ್ಲ ಸ್ವಾಮಿ. ನಡುರಾತ್ರಿಯ ಪೂಜೆಯಿಂದ ಬಂದ ಮೇಲೆ ಇಡುತ್ತೇವೆ” ಎಂದಳು ಆ ಮನೆಯ ಮುದುಕಿ. ಗೋದಲಿ ಅಪೂರ್ಣವೆಂದು ಅಂಕ ಕಳೆದೆವು. ನಾನೂ ಕಳೆದೆ. ಬಹುಮಾನ ರೈಲಿಗೆ ಹೋಯಿತು. ನನ್ನ ತಾಯಿಯೂ ಮಗುವಿನ ಗೊಂಬೆಯನ್ನು ನಡುರಾತ್ರಿಯವರೆಗೆ ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿ ಇಡುತ್ತಿದ್ದಳೆಂಬುದು ನೆನಪಾದದ್ದು ಮನೆಗೆ ಬಂದ ಮೇಲೆ.

ಈ ಮಾತುಗಳಿಗೆ ಆಕ್ಷೇಪಣೆಗಳಿವೆ; ಕೆಲವು ಗಟ್ಟಿಯಾದವೇ. ಬಡವರಿಗೆ ಬೇಡದ ಸರಳತೆ ಉಳ್ಳವರ ಶೋಕಿ ಎನ್ನುತ್ತಾರೆ ಒಬ್ಬ ಮಿತ್ರರು. ಶೋಕಿಯ ಸರಳತೆಯನ್ನು ನಾನೂ ಕಂಡಿದ್ದೇನೆ. ಸಾವಿರಾರು ರೂಪಾಯಿಯ ಮರದ ನಕ್ಷತ್ರ, “ಸರಳ ಹಬ್ಬ”ಕ್ಕೆ ಶುಲ್ಕ ತೆತ್ತು ಸೇರುವ ತರಗತಿ, ಅವೂ ಅಂಗಡಿಯ ಸರಕೇ. ಆದರೆ ಹಬ್ಬದ ಸಾಲ ಯಾರ ಕೊರಳಿಗೆ ಬೀಳುತ್ತದೆಂಬುದನ್ನು ಮಿತ್ರರು ನೋಡಲಿ. ನನ್ನ ಹಳೆಯ ಕಚೇರಿಯ ಒಬ್ಬ ಗುಮಾಸ್ತ ಮಕ್ಕಳ ಉಡುಗೊರೆಗಳನ್ನೂ ಮನೆಮಂದಿಯ ಉಡುಪುಗಳನ್ನೂ ಕಂತಿನ ಮೇಲೆ ಕೊಂಡು, ಈಸ್ಟರ್ ಕಳೆದರೂ ಕಂತು ಕಟ್ಟುತ್ತಿದ್ದ. ನೆರೆಮನೆಯ ಹುಡುಗರಿಗೆ ಸಿಕ್ಕದ್ದು ತನ್ನ ಮಕ್ಕಳಿಗೂ ಸಿಕ್ಕಬೇಕೆಂಬುದು ಅವನ ಹಟ. ಉಳ್ಳವರು ಏಣಿಯನ್ನು ಎತ್ತರಿಸುತ್ತ ಹೋದರೆ ಹತ್ತಿ ಬೀಳುವವರು ಇಂಥವರೇ. ಆದ್ದರಿಂದ ಇಳಿಸುವ ಕೆಲಸವೂ ಉಳ್ಳವರ ಮನೆಯಿಂದಲೇ ಆಗಬೇಕು.

ಇನ್ನೊಂದು ಆಕ್ಷೇಪಣೆಯನ್ನು ಎತ್ತಿದವಳು ನನ್ನ ಹೆಂಡತಿ. ಪೆಟ್ಟಿಗೆಯ ಪ್ರಕರಣವಾದ ಮೇಲೆ ನಾನು ಮನೆಯಲ್ಲಿ ಹಳೆಯ ಕಾಲದ ಕುಸ್ವಾರಿನ ಮೇಲೆ ದೊಡ್ಡದೊಂದು ಭಾಷಣ ಮಾಡಿದೆ. ಆಕೆ ಕೊನೆಯವರೆಗೂ ಕೇಳಿ, “ಆ ಕಾಲದಲ್ಲಿ ಮೂರು ದಿನ ಒಲೆಯ ಮುಂದೆ ನಾನಿದ್ದೆ. ನೀವೆಲ್ಲಿದ್ದಿರಿ?” ಎಂದಳು.

ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ನಡುನಡುವೆ ಬಂದು ಬಿಸಿ ಚಕ್ಕುಲಿಯನ್ನು ಎತ್ತಿಕೊಂಡು ಹೋಗುತ್ತಿದ್ದೆ. ಹಳೆಯ ಹಬ್ಬದ ಸೊಗಸನ್ನು ಹಾಡುವ ಗಂಡಸರೆಲ್ಲ ಈ ಪ್ರಶ್ನೆಗೆ ಉತ್ತರ ಕೊಟ್ಟು ಮುಂದಕ್ಕೆ ಹೋಗಬೇಕು. ಹೆಂಗಸರ ಬೆನ್ನಿನ ಮೇಲೆ ಹೇರಿದ ಸರಳತೆಗಿಂತ ಅಂಗಡಿಯ ಪೆಟ್ಟಿಗೆಯೇ ಮೇಲು. ಕುಸ್ವಾರ್ ಮಾಡಿ ಮಾರಿ ಸಂಸಾರ ತೂಗಿಸುವ ಹೆಂಗಸರು ಮಂಗಳೂರಿನಲ್ಲಿಯೂ ಇಲ್ಲಿಯೂ ಇದ್ದಾರೆ. ಕೈಲಾಗದವರು ಅವರಿಂದ ಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಕೊಂಡದ್ದನ್ನು ತಮ್ಮ ತಟ್ಟೆಯಲ್ಲಿಯೇ ಇಟ್ಟು, ಯಾರ ಮನೆಗೆ ಯಾವುದು ಸಲ್ಲುತ್ತದೆಂದು ಯೋಚಿಸಿ, ತಾವೇ ಹೋಗಿ ಕೊಟ್ಟು ಬರಲಿ.

ಹಾಗಾಗಿ ಎರಡು ವರ್ಷಗಳಿಂದ ನಮ್ಮ ಮನೆಯ ಹಬ್ಬ ಕುಗ್ಗಿದೆ. ಏಳೆಂಟು ತಿಂಡಿಗಳ ಜಾಗದಲ್ಲಿ ಮೂರು. ಹಬ್ಬಕ್ಕೆ ಹಿಂದಿನ ಭಾನುವಾರ ಊಟವಾದ ಮೇಲೆ ಎಲ್ಲರೂ ನೆಲದ ಮೇಲೆ ಕೂರುತ್ತೇವೆ. ಕಿಡ್ಯೊ ಸುತ್ತುವುದು ಗಂಡಸರ ಪಾಲು. ನನ್ನ ಮಗ ಸುತ್ತಿದ್ದು ನಿಜವಾಗಿಯೂ ಹುಳುವಿನ ಹಾಗೆಯೇ ಇರುತ್ತದೆ. ರಾಯರ ಹೆಂಡತಿ ಬಂದು ನೆವ್ರಿಯ ಅಂಚು ಮಡಿಸಿಕೊಡುತ್ತಾರೆ. ಮಾತು ಯಾವಾಗಲೂ ಯಾರದೋ ಮದುವೆ, ಯಾರದೋ ಕಾಯಿಲೆ. ಡಿಸೆಂಬರ್ ಮಧ್ಯದಲ್ಲಿ ಮೊಮ್ಮಗ ರಾಗಿ ನೆನೆಹಾಕಿ ಕರಟಗಳಲ್ಲಿ ಬಿತ್ತುತ್ತಾನೆ. ಮೊದಲ ವರ್ಷ ದಿನಕ್ಕೆ ನಾಲ್ಕು ಸಲ ನೀರು ಹೊಯ್ದು ಅರ್ಧ ಕೊಳೆಸಿದ. ಎರಡನೆಯ ವರ್ಷ ಕಾಯುವುದನ್ನು ಕಲಿತ. ಹಿಂದೆ ಅವನಿಗೆ ಹನ್ನೊಂದು ಉಡುಗೊರೆಗಳು ಬಂದ ವರ್ಷವೊಂದಿತ್ತು. ಏಳನೆಯದನ್ನು ಬಿಚ್ಚುವ ಹೊತ್ತಿಗೆ ಅತ್ತು, ಉಳಿದವನ್ನು ಹಾಗೆಯೇ ಬಿಟ್ಟು ಮಲಗಿದ್ದ. ಈಗ ಒಂದೇ ಉಡುಗೊರೆ. ಮೊದಲ ವರ್ಷ ಮುಖ ಊದಿಸಿಕೊಂಡನೆಂಬುದನ್ನು ಮುಚ್ಚಿಡುವುದಿಲ್ಲ. ಶಾಲೆಯಲ್ಲಿ ಗೆಳೆಯರು ನಕ್ಕರಂತೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಆದರೆ ನಡುರಾತ್ರಿಯ ಪೂಜೆಯಿಂದ ಬಂದು, ಅಕ್ಕಿಯ ಡಬ್ಬಿಯಿಂದ ಮಗುವಿನ ಗೊಂಬೆಯನ್ನು ತೆಗೆದು ತೊಟ್ಟಿಯಲ್ಲಿ ಇಡುವ ಹಕ್ಕನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ತಟ್ಟೆ ಕಳೆದ ಸಂಕ್ರಾಂತಿಗೆ ಎಳ್ಳು-ಬೆಲ್ಲದೊಡನೆ ಹಿಂದಿರುಗಿತು. ಕಿಡ್ಯೊ ಸುತ್ತಿದ್ದು ದೊಡ್ಡ ಶ್ರಮವೇನಲ್ಲ, ಎಣ್ಣೆಯ ಕಾವಿನಲ್ಲಿ ನಿಲ್ಲುವುದೇ ಶ್ರಮ ಎಂದು ನಮ್ಮ ಮನೆಯಲ್ಲಿ ಹೊಸ ವಾದವೊಂದು ಹುಟ್ಟಿದೆ. ಈ ಡಿಸೆಂಬರಿನಲ್ಲಿ ಬಾಣಲೆಯ ಮುಂದೆ ನಿಲ್ಲುವ ಸರದಿ ನನ್ನದೆಂದು ತೀರ್ಮಾನವೂ ಆಗಿದೆ. ಹೊಸ ಎಣ್ಣೆಯಲ್ಲಿ ಮೊದಲು ರಾಯರ ಮನೆಯದು, ಮೊಟ್ಟೆಯದು ಆಮೇಲೆ ಎಂದು ನನ್ನ ಹೆಂಡತಿ ಈಗಾಗಲೇ ಎರಡು ಸಲ ಹೇಳಿಕೊಟ್ಟಿದ್ದಾಳೆ.