ಬಣ್ಣವೇ ಎದ್ದು ಬಂದರೆ ಅಂಟು ಏನು ಮಾಡೀತು?

ನಮ್ಮೂರು ಹೂವಿನ ಹಿಪ್ಪರಗಿ. ಹೆಸರು ಕೇಳಿದ ಬೆಂಗಳೂರಿನ ಗೆಳೆಯರೆಲ್ಲ "ಅಲ್ಲಿ ಹೂವು ಬೆಳೀತಾರಾ?" ಅಂತ ಕೇಳೋದು ವಾಡಿಕೆ. ನಾನು ಕಂಡಂತೆ ತೊಗರಿ ಬೆಳೀತಾರೆ, ಜೋಳ ಬೆಳೀತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲು ಬೆಳೆಯುತ್ತದೆ :-)

ಆ ಬಿಸಿಲನ್ನು ನಂಬಿಕೊಂಡೇ ಒಂದು ಹುಚ್ಚು ಕೆಲಸ ಮಾಡಿದ್ದೆ. ಅದರ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಓಡುವ ಗಾಡಿಯ ಚಾವಣಿಗೆ ಸೋಲಾರ್ ಪ್ಯಾನೆಲ್ಲನ್ನು ಬರೀ ಅಂಟಿನಿಂದ ಅಂಟಿಸಬಾರದು. ಅಂಟು ಎಷ್ಟೇ ಒಳ್ಳೆಯದಿರಲಿ, ಅಂಟಿಸಿದವನು ಎಷ್ಟೇ ಬುದ್ಧಿವಂತನಿರಲಿ.

ಕಥೆ ಹೀಗೆ. ನಾವು ಮೂವರು ಗೆಳೆಯರು ಸೇರಿ ಸೆಕೆಂಡ್ ಹ್ಯಾಂಡ್ ಓಮ್ನಿಯೊಂದನ್ನು ಕೊಂಡೆವು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ, ಆದರೂ ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿಕೊಳ್ಳಲು ಅದಕ್ಕಿಂತ ಅಗ್ಗದ ಗಾಡಿ ಸಿಗೋದು ಕಷ್ಟ. ಫ್ಯಾನು, ದೀಪ, ಲ್ಯಾಪ್‌ಟಾಪ್ ಚಾರ್ಜಿಂಗ್ ಇಷ್ಟಕ್ಕೆ ನೂರು ವ್ಯಾಟಿನ ಒಂದು ಪ್ಯಾನೆಲ್ ಸಾಕು ಅಂತ ಲೆಕ್ಕ ಹಾಕಿದೆ. ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರಿಗೂ ಕಡಿಮೆ ಅಗಲ, ಏಳೆಂಟು ಕಿಲೋ ತೂಕ. ಚಾವಣಿಗೆ ತೂತು ಕೊರೆಯಲು ಮನಸ್ಸಾಗಲಿಲ್ಲ. ಮಳೆಗಾಲದಲ್ಲಿ ಸೋರಿದರೆ ಗೆಳೆಯರ ಬಾಯಿ ಮುಚ್ಚಿಸೋದು ಯಾರು? ವಿಡಿಯೋಗಳಲ್ಲಿ ಎಲ್ಲರೂ ನಾಲ್ಕು ಮೂಲೆಗೆ ಪ್ಲಾಸ್ಟಿಕ್ ಬ್ರಾಕೆಟ್ ಇಟ್ಟು ಪಾಲಿಯುರೆಥೇನ್ ಅಂಟು ಹಚ್ಚಿ ಕೈ ತೊಳೆದುಕೊಳ್ಳುತ್ತಾರಲ್ಲ, ನಾನೂ ಹಾಗೇ ಮಾಡಿದೆ.

ಕಣ್ಣು ಮುಚ್ಚಿ ಮಾಡಲಿಲ್ಲ. ಇಂಜಿನಿಯರಿಂಗ್ ಓದಿದವನ ಕೊಬ್ಬು, ಮೊದಲು ಲೆಕ್ಕ ಮಾಡಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 80 ಕಿ.ಮೀ. ಅಂದರೆ ಚದರ ಮೀಟರಿಗೆ ಸುಮಾರು 30 ಕಿಲೋ ಬಲ. ಎದುರುಗಾಳಿ 40 ಸೇರಿ ಒಟ್ಟು 120 ಆದರೆ 68 ಕಿಲೋ. ನನ್ನ ಪ್ಯಾನೆಲ್ ಚದರ ಮೀಟರಿನ ಮೂರನೇ ಎರಡು ಭಾಗ, ಅಂದರೆ ಎತ್ತುವ ಬಲ ಹೆಚ್ಚೆಂದರೆ 45 ಕಿಲೋ ಅಂದುಕೊಂಡೆ. ಇನ್ನು ಅಂಟು. ಒಂದು ಚದರ ಸೆಂಟಿಮೀಟರಿಗೆ ಹತ್ತು ಕಿಲೋ ತಡೆಯುತ್ತದೆ ಅಂತಿಟ್ಟುಕೊಂಡರೂ ನಾಲ್ಕು ಬ್ರಾಕೆಟ್ಟಿನ ಒಟ್ಟು 320 ಚದರ ಸೆಂಟಿಮೀಟರಿಗೆ ಮೂರು ಟನ್ನಿಗೂ ಹೆಚ್ಚು. ಬೇಕಾಗಿದ್ದು 45 ಕಿಲೋ, ಇರೋದು 3200 ಕಿಲೋ! ಆ ರಾತ್ರಿ ಆರಾಮಾಗಿ ನಿದ್ದೆ ಮಾಡಿದೆ. ಅಂಟು ಒಣಗಲು ವಾರ ಪೂರ್ತಿ ಬಿಟ್ಟೆ ಕೂಡ.

2024ರ ಮೇ ತಿಂಗಳು. ಬೆಂಗಳೂರು ಬಿಟ್ಟು ಚಿತ್ರದುರ್ಗ ದಾಟಿ, ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ ಕಡೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೊರಟಿದ್ದೆ. ನಿಡಗುಂದಿ ಮುಟ್ಟಿ ಬಸವನ ಬಾಗೇವಾಡಿ ಹಿಡಿದರೆ ಮನೆ ಬಂದ ಹಾಗೇ. ಕುಷ್ಟಗಿ ದಾಟಿದ ಮೇಲೆ ತಲೆ ಮೇಲೆ "ಟಪ್ ಟಪ್" ಅಂತ ಸದ್ದು ಶುರುವಾಯಿತು. ವೈರು ಹೊಡೆದುಕೊಳ್ಳುತ್ತಿರಬೇಕು, ಮುಂದಿನ ಚಹಾದ ಅಂಗಡಿಯಲ್ಲಿ ನೋಡಿದರಾಯಿತು ಅಂದುಕೊಂಡೆ. (ಈ "ನೋಡಿದರಾಯಿತು" ಅನ್ನೋದನ್ನು ಆಫೀಸಿನಲ್ಲೂ ಬಹಳ ಸಲ ಹೇಳಿದ್ದೇನೆ, ಅಲ್ಲಿ ಯಾರ ಮೇಲೂ ಗಾಜು ಬೀಳುವುದಿಲ್ಲ.) ಎದುರು ರಸ್ತೆಯಲ್ಲಿ ದೊಡ್ಡ ಕಂಟೇನರ್ ಲಾರಿಯೊಂದು ಹಾದುಹೋಯಿತು. ಅದರ ಗಾಳಿ ಬಡಿದದ್ದೇ ಸದ್ದು ನಿಂತಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಪ್ಯಾನೆಲ್ ಹಿಂದೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಿದೆ, ಅದರ ಹಿಂದೆ ಒಂದು ಬೈಕು. ಬೈಕಿನ ಮೇಲೆ ಗಂಡ, ಹೆಂಡತಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ಸಣ್ಣ ಕೂಸು.

ಪ್ಯಾನೆಲ್ ಅವರ ಎಡಕ್ಕೆ ಬಿದ್ದು ಜಾರಿಕೊಂಡು ಹೋಯಿತು. ಎರಡು ಮೂರು ಮೊಳ ಅಂತರ ಇದ್ದಿರಬಹುದು.

ನಾನು ಇಳಿದು ಓಡಿದಾಗ ಆತ ಬೈಕು ನಿಲ್ಲಿಸಿದ್ದ. ಬೈಯುತ್ತಾನೆ, ಎರಡು ಹೊಡೆದರೂ ಹೊಡೆಯಲಿ ಅಂತ ಹತ್ತಿರ ಹೋದೆ. ಆತ ಬೈಯಲಿಲ್ಲ. "ಅಣ್ಣಾರ, ಇದು ಕೂಸಿನ ಮ್ಯಾಲ ಬಿದ್ದಿದ್ರ?" ಅಂದ. ಅಷ್ಟೇ. ಆಮೇಲೆ ತಾನೇ ಒಂದು ಕಡೆ ಹಿಡಿದು ಆ ಒಡೆದ ಪ್ಯಾನೆಲ್ ರಸ್ತೆ ಬದಿಗೆ ಎಳೆಯಲು ಸಹಾಯ ಮಾಡಿದ. ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಗಾಜು ಪುಡಿಯಾದ ಪ್ಯಾನೆಲ್ ಸತ್ತಿತು ಅಂದುಕೊಳ್ಳಬೇಡಿ. ಬಿಸಿಲಲ್ಲಿ ಇರುವವರೆಗೂ ಅದು ಕರೆಂಟು ಮಾಡುತ್ತಲೇ ಇರಬಹುದು. ಕಿತ್ತುಹೋದ ವೈರಿನ ತುದಿ ಬರಿಗೈಯಲ್ಲಿ ಮುಟ್ಟಬೇಡಿ, ಮುಖ ಕೆಳಗೆ ಮಾಡಿ ಮುಚ್ಚಿಡಿ.

ಮೂರು ಟನ್ ತಡೆಯಬೇಕಾದದ್ದು ಹಾರಿದ್ದು ಹೇಗೆ? ಬ್ರಾಕೆಟ್ ತಿರುಗಿಸಿ ನೋಡಿದೆ. ಅಂಟು ಒಂದಿಷ್ಟೂ ಬಿಟ್ಟಿರಲಿಲ್ಲ. ಅದರ ತಳಕ್ಕೆ ಓಮ್ನಿಯ ಬಿಳಿ ಬಣ್ಣ, ಬಣ್ಣದ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ಕಂದು ತುಕ್ಕು ಎಲ್ಲ ಹಪ್ಪಳದ ಹಾಗೆ ಎದ್ದು ಬಂದಿತ್ತು. ಹಿಂದಿನ ಮಾಲೀಕ ಯಾವಾಗಲೋ ಟಿಂಕರಿಂಗ್ ಮಾಡಿಸಿ ಮೇಲೆ ಬಣ್ಣ ಹೊಡೆಸಿದ್ದ. ನಾನು ಪ್ಯಾನೆಲ್ಲನ್ನು ಗಾಡಿಗೆ ಅಂಟಿಸಿಯೇ ಇರಲಿಲ್ಲ, ಬಣ್ಣಕ್ಕೆ ಅಂಟಿಸಿದ್ದೆ! ಬಣ್ಣ ತಗಡಿಗೆ ಎಷ್ಟು ಗಟ್ಟಿ ಹಿಡಿದಿದೆ ಅನ್ನೋದು ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಎರಡನೇ ತಪ್ಪು ಇನ್ನೂ ನಾಚಿಕೆಗೇಡಿನದು. ಹತ್ತು ಕಿಲೋ ಅನ್ನೋ ಅಂಕಿ ಅಂಟನ್ನು ಅಡ್ಡಡ್ಡ ಎಳೆದಾಗಿನದು. ಗಾಳಿ ಅಡ್ಡಡ್ಡ ಎಳೆಯುವುದಿಲ್ಲ, ಮುಂದಿನ ಅಂಚನ್ನು ಮೇಲಕ್ಕೆ ಎಬ್ಬಿಸುತ್ತದೆ. ಗೋಡೆಗೆ ಅಂಟಿಸಿದ ಟೇಪನ್ನು ಜಗ್ಗಿದರೆ ಬರುವುದಿಲ್ಲ, ಮೂಲೆಯಿಂದ ಉಗುರು ಹಾಕಿ ಸುಲಿದರೆ ಸರಸರ ಬರುತ್ತದಲ್ಲ, ಅದೇ. ಮುಂದಿನ ಎಡ ಮೂಲೆ ಎದ್ದ ಮೇಲೆ ಒಳಗೆ ಇನ್ನಷ್ಟು ಗಾಳಿ ನುಗ್ಗುತ್ತದೆ, ಉಳಿದ ಮೂರರ ಮೇಲೆ ಭಾರ ಹೆಚ್ಚುತ್ತದೆ, ಒಂದಾದ ಮೇಲೊಂದು ಕಿತ್ತು ಬರುತ್ತವೆ.

ವಿಮಾನ, ಬಸ್ಸಿನ ಗಾಜು ಎಲ್ಲ ಅಂಟಿನಿಂದಲೇ ನಿಂತಿವೆಯಲ್ಲ ಅಂತ ಕೆಲವರು ವಾದಿಸುತ್ತಾರೆ. ನಿಜ, ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಅಂಟು ಹಚ್ಚುವ ಮೇಲ್ಮೈ ಅವರದೇ ಕೈಯಲ್ಲಿ ಇರುತ್ತದೆ. ಬರೀ ಲೋಹ, ಅದಕ್ಕೆ ತಕ್ಕ ಪ್ರೈಮರ್, ಅಳತೆ ಮಾಡಿದ ದಪ್ಪ, ಆಮೇಲೆ ಪರೀಕ್ಷೆ. ನಮ್ಮಲ್ಲಿ ಹತ್ತು ವರ್ಷ ಹಳೆಯ ಗಾಡಿ, ಎಷ್ಟು ಸಲ ಬಣ್ಣ ಹೊಡೆದಿದ್ದಾರೋ ಗೊತ್ತಿಲ್ಲ. ಪ್ಯಾನೆಲ್ ಅಂಟಿಸಿದ ಮೇಲೆ ಅಡಿಯಲ್ಲಿ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ. ಬೋಲ್ಟು ಸಡಿಲಾದರೆ ಕೈಗೆ ಗೊತ್ತಾಗುತ್ತದೆ, ಅಂಟು ಸಡಿಲಾದರೆ ಹಿಂದಿನ ಬೈಕಿನವನಿಗೆ ಗೊತ್ತಾಗುತ್ತದೆ.

ಊರಿಗೆ ಹೋದ ಮೇಲೆ ಕಾಕಾ ಆ ಬ್ರಾಕೆಟ್ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ವರ್ಷಗಟ್ಟಲೆ ಚಕ್ಕಡಿ ತುಂಬ ಕಣಿಕೆ ಹೇರಿ ತಂದ ಮನುಷ್ಯ. "ಬಣ್ಣ ಹಿಡಕೊಂಡು ಜೋತು ಬಿದ್ದಿಯಲ್ಲೋ ತಮ್ಮಾ! ಗಾಡಿ ಹಿಡಕೋಬೇಕಿಲ್ಲೇನು?" ಅಂದರು. ನಾನು ಅರ್ಧ ಗಂಟೆ ವಿವರಿಸಿದ್ದು ಅವರಿಗೆ ಒಂದೇ ಸಾಲಿನಲ್ಲಿ ಮುಗಿಯಿತು.

ಪರಿಹಾರ ಓಮ್ನಿಯಲ್ಲೇ ಇತ್ತು. ಚಾವಣಿಯ ಎರಡೂ ಬದಿಗೆ ಮಳೆನೀರು ಹರಿಯಲು ಸಣ್ಣ ಗಟರ್ ಇದೆಯಲ್ಲ, ಲಗೇಜ್ ಕ್ಯಾರಿಯರ್ ಕೂರುವುದು ಅದರ ಮೇಲೇ. ನಮ್ಮ ಕಡೆ ಕ್ರೂಸರ್ ಗಾಡಿಗಳ ಕ್ಯಾರಿಯರ್ ನೋಡಿದ್ದೀರಲ್ಲ? ಚೀಲ, ಸೈಕಲ್ಲು, ಜಾತ್ರೆ ಇದ್ದರೆ ಹತ್ತು ಜನ ಎಲ್ಲ ಮೇಲೇ. ಅವರ್ಯಾರೂ ಅಂಟು ಹಚ್ಚಿಲ್ಲ. ಹಳೇ ಕ್ಯಾರಿಯರ್ ಒಂದನ್ನು ಗುಜರಿಯಲ್ಲಿ ಹುಡುಕಿ, ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ಗಿಡ್ಡ ಮಾಡಿಸಿದೆ. ತೂತಿಲ್ಲ, ಸೋರುವುದಿಲ್ಲ, ಬೇಡವಾದಾಗ ಬಿಚ್ಚಬಹುದು.

ಪ್ಯಾನೆಲ್ಲನ್ನು ಅದರ ಮೇಲೆ ಕೂರಿಸುವಾಗ ಕಲಿತ ಕೆಲವು ಸಂಗತಿ. ಪ್ಯಾನೆಲ್ಲಿನ ಚೌಕಟ್ಟಿನ ಅಡಿಯಲ್ಲಿ ಕಂಪನಿಯವರೇ ಕೊಟ್ಟ ತೂತುಗಳಿರುತ್ತವೆ, ಬೋಲ್ಟು ಅಲ್ಲೇ ಹಾಕಬೇಕು. ಹೊಸ ತೂತು ಕೊರೆದರೆ ಗ್ಯಾರಂಟಿ ಹೋಗಬಹುದು, ಡ್ರಿಲ್ ಸ್ವಲ್ಪ ಜಾರಿದರೆ ಪ್ಯಾನೆಲ್ಲೇ ಹೋಗುತ್ತದೆ. ಸ್ಟೇನ್‌ಲೆಸ್ ಬೋಲ್ಟು, ಅದಕ್ಕೆ ನೈಲಾಕ್ ನಟ್. ಸಾದಾ ನಟ್ ನಮ್ಮ ಹಂಪುಗಳ ಕುಲುಕಾಟಕ್ಕೆ ತಾನಾಗೇ ಬಿಚ್ಚಿಕೊಳ್ಳುತ್ತದೆ. ಚೌಕಟ್ಟು ಅಲ್ಯೂಮಿನಿಯಂ, ಕ್ಯಾರಿಯರ್ ಕಬ್ಬಿಣ, ಎರಡರ ನಡುವೆ ರಬ್ಬರ್ ವಾಷರ್ ಇಡದಿದ್ದರೆ ನೀರು ಬಿದ್ದಾಗ ಒಂದನ್ನೊಂದು ತಿನ್ನುತ್ತವೆ. ಪ್ಯಾನೆಲ್ಲಿನ ಅಡಿಗೆ ಎರಡು ಬೆರಳಾದರೂ ಖಾಲಿ ಜಾಗ ಬೇಕು. ವಿಜಯಪುರದ ಮೇ ಬಿಸಿಲಿಗೆ ಪ್ಯಾನೆಲ್ 65 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ, 25ರ ಮೇಲೆ ಪ್ರತಿ ಡಿಗ್ರಿಗೂ ನೂರಕ್ಕೆ 0.4ರ ಹತ್ತಿರ ಶಕ್ತಿ ಕಡಿಮೆ. ಅಂದರೆ ಹೆಚ್ಚುಕಡಿಮೆ ಆರನೇ ಒಂದು ಪಾಲು ಬಿಸಿಗೇ ಹೋಯಿತು. ಆ ಖಾಲಿ ಜಾಗದೊಳಗೆ ಗಾಳಿ ನೇರ ನುಗ್ಗದಂತೆ ಮುಂದುಗಡೆ ಒಂದು ಓರೆ ತಗಡು.

ಗಟರ್ ಇಲ್ಲದ ಹೊಸ ವ್ಯಾನ್ ಇದ್ದವರು ತೂತು ಕೊರೆಯಲೇಬೇಕು, ಹೆದರಬೇಡಿ. ಆದರೆ ತಗಡಿಗೆ ಬರೀ ಸ್ಕ್ರೂ ತಿರುಗಿಸಬೇಡಿ, ಒಂದು ಮಿಲಿಮೀಟರಿಗೂ ತೆಳುವಾದ ತಗಡಿನಲ್ಲಿ ಸ್ಕ್ರೂವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪೂರ್ತಿ ಆರಪಾರ ಬೋಲ್ಟು, ಒಳಗಡೆ ಅಂಗೈ ಅಗಲದ ಪಟ್ಟಿ, ಸಾಧ್ಯವಾದರೆ ಚಾವಣಿಯ ಅಡ್ಡಪಟ್ಟಿಯ ಹತ್ತಿರ. ಅಂಟು ಹಚ್ಚಿ, ಬೇಡ ಅನ್ನೋದಿಲ್ಲ, ಅದು ನೀರು ತಡೆಯಲಿ. ಹಾಗೇ ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಅರ್ಥ ಮಾಡಿದೆ. ಬಿಚ್ಚಿಡಬಹುದಾದ ಕ್ಯಾರಿಯರ್ ನನಗೆ ಇಷ್ಟವಾಗಲು ಇದೂ ಒಂದು ಕಾರಣ. ಕೊರೆಯುವ ಮೊದಲು ನಿಮ್ಮ ಆರ್‌ಟಿಓದಲ್ಲಿ ಕೇಳಿಕೊಳ್ಳಿ.

ಅಯ್ಯೋ, ನಮ್ಮ ಹತ್ತಿರ ವ್ಯಾನೇ ಇಲ್ಲ, ಇದೆಲ್ಲ ನಮಗ್ಯಾಕೆ ಅಂತೀರಾ? ನಿಮ್ಮ ಮನೆಯ ಮೇಲೆ ಪ್ಯಾನೆಲ್ ಇದ್ದರೆ ಇದು ನಿಮ್ಮದೇ ಕಥೆ. ಕಟ್ಟಡಗಳ ಗಾಳಿಭಾರಕ್ಕೆ ನಮ್ಮ ದೇಶದಲ್ಲಿ ಐಎಸ್ 875ರ ಮೂರನೇ ಭಾಗ ಅಂತ ಒಂದು ಸಂಹಿತೆ ಇದೆ. ಅದರ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಗಾಳಿಯ ವಲಯಕ್ಕೂ ಸೆಕೆಂಡಿಗೆ 33 ಮೀಟರ್ ಲೆಕ್ಕ ಹಿಡಿಯಬೇಕು, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ನನ್ನ ಓಮ್ನಿಯ ಅತಿ ಕೆಟ್ಟ ಗಳಿಗೆ, ನಿಂತಲ್ಲೇ ನಿಂತಿರುವ ನಿಮ್ಮ ಮನೆಗೆ ಕನಿಷ್ಠ ಲೆಕ್ಕ! 2024ರ ಫೆಬ್ರವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಅಷ್ಟಕ್ಕೆ ಸುಮಾರು ಆರು ದೊಡ್ಡ ಪ್ಯಾನೆಲ್, ಒಟ್ಟು 15 ಚದರ ಮೀಟರ್. ಮೇಲಿನ ಲೆಕ್ಕದಲ್ಲೇ ಗುಣಿಸಿದರೆ ಗಾಳಿ ಎತ್ತುವುದು ಹತ್ತಿರಹತ್ತಿರ ಒಂದು ಟನ್. ಪ್ಯಾನೆಲ್ಲುಗಳ ಸ್ವಂತ ತೂಕ ಇನ್ನೂರು ಕಿಲೋ ಕೂಡ ಇರುವುದಿಲ್ಲ. ಸಬ್ಸಿಡಿ ಎಷ್ಟು, ಎಷ್ಟು ಯೂನಿಟ್ ಬರುತ್ತದೆ ಅಂತ ಕೇಳುವವರನ್ನು ಬಹಳ ನೋಡಿದ್ದೇನೆ. ಕೆಳಗೆ ಏನಕ್ಕೆ ಹಿಡಿದಿದ್ದೀರಿ ಅಂತ ಕೇಳಿದವರು ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಂತೂ ಈ ಪ್ರಶ್ನೆ ಮೊದಲು ಕೇಳಬೇಕು. ಮಣ್ಣಿಗೆ ಬೋಲ್ಟು ಹಿಡಿಯುವುದಿಲ್ಲ.

ನಮ್ಮ ಕಡೆ ಪತ್ರಾಸಿನ ಮೇಲೆ ಕಲ್ಲು ಹೇರುವುದು ಗೊತ್ತಲ್ಲ, ಕಾಕಾನ ಆಡಿನ ಕೊಟ್ಟಿಗೆಯ ಮೇಲೂ ಹಾಗೇ ಇದೆ, ಸಣ್ಣ ಪ್ಯಾನೆಲ್ ಒಂದು ತಂತಿ ಸುತ್ತಿಸಿಕೊಂಡು ಕಲ್ಲುಗಳ ನಡುವೆ ಕೂತಿದೆ. ಬೇಸಿಗೆಯ ಅಡ್ಡಗಾಳಿಗೆ ಪತ್ರಾಸು ಎದ್ದರೆ ಆ ಕಲ್ಲು ಕೆಳಗೆ ಮಲಗಿದವರ ಮೇಲೇ ಬೀಳುವುದು. ಕಲ್ಲು ತೆಗೆದು ಜೆ ಹುಕ್ ಹಾಕಿಸು ಅಂತ ಈ ಸಲ ನಾನು ಕಾಕಾಗೆ ಉಪದೇಶ ಮಾಡಿದೆ. ಸೇಡು ತೀರಿಸಿಕೊಂಡ ಹಾಗಾಯಿತು :-) ಹಾಕಿಸಿದರು ಕೂಡ.

ಆದರೆ ಬೆಂಗಳೂರಿಗೆ ಹೊರಡುವ ದಿನ ಕಾಕಾ ಮತ್ತೆ ಓಮ್ನಿ ಸುತ್ತ ಒಂದು ಸುತ್ತು ಹಾಕಿದರು. ಬೋಲ್ಟು ನೋಡಿದರು, ಪ್ಯಾನೆಲ್ಲಿನಿಂದ ಕ್ಯಾರಿಯರಿಗೆ ನಾನು ಬಿಗಿದಿದ್ದ ಉಕ್ಕಿನ ಹಗ್ಗ ನೋಡಿದರು. "ಪ್ಯಾನಲ್ ಕ್ಯಾರಿಯರ್‌ನ ಹಿಡಕೊಂಡೈತಿ, ಸರಿ. ಕ್ಯಾರಿಯರ್ ಹಾರಿದ್ರ?" ಅಂದರು. ನನಗೆ ಇದು ಹೊಳೆದೇ ಇರಲಿಲ್ಲ. ಮನೆಯೊಳಗಿಂದ ಹಗ್ಗ ತಂದು, ಕ್ಯಾರಿಯರ್ ಮೇಲೆ ಹಾಯಿಸಿ, ಮುಂದಿನ ಎರಡೂ ಬಾಗಿಲಿನೊಳಗಿಂದ ಸುತ್ತಿ, ಕಣಿಕೆಯ ಗಾಡಿಗೆ ಹಾಕುವ ಗಂಟು ಹಾಕಿದರು. ಈಗ ಆ ಜಾಗದಲ್ಲಿ ಲಾರಿಯವರು ಬಳಸುವ ಬೆಲ್ಟ್ ಹಾಕಿದ್ದೇನೆ. ನಡುವೆ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ಒಮ್ಮೆ ಕೈಯಾಡಿಸಿ ನೋಡುತ್ತೇನೆ.

ನಿಮ್ಮಲ್ಲಿ ಓಮ್ನಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಒಂದು ವಿಷಯ ಹೇಳಿ: ಗಟರಿನ ಕ್ಲ್ಯಾಂಪು ನೀವು ಎಷ್ಟು ಬಿಗಿ ಮಾಡುತ್ತೀರಿ? ನನ್ನದು ಬಲಗಡೆ ಸ್ವಲ್ಪ ಬಾಗಿದ ಹಾಗೆ ಕಾಣುತ್ತಿದೆ.